ಹಿಂದೆ ಬರುತ್ತಿದ್ದ ವ್ಯಾನು

ಬೆಳಿಗ್ಗೆ ಆರೂ ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವನು ಮೈಗಂಟಿದ ಸೈಕಲ್ ಚಡ್ಡಿಯಲ್ಲಿದ್ದ. ದಫೇದಾರ ಅವನನ್ನು ಮೇಲಿಂದ ಕೆಳಗೆ ನೋಡಿ, "ಬಟ್ಟೆ ಕಳುವಾಯಿತೇನಪ್ಪಾ?" ಎಂದ.

"ಬಟ್ಟೆ ಇದೆ ಸರ್. ವ್ಯಾನು ಹೋಗಿದೆ."

ಅವನು ಸೈಕಲ್ ಪ್ರವಾಸದ ಕಂಪನಿಯೊಂದರ ಮ್ಯಾನೇಜರು. ಕಡಲ ದಂಡೆಗುಂಟ ಆರು ದಿನ ಸೈಕಲ್ ತುಳಿಯುವುದು, ಸಂಜೆ ಹೋಟೆಲಿನಲ್ಲಿ ತಂಗುವುದು. ಹದಿನಾಲ್ಕು ಜನ ಅತಿಥಿಗಳು. ಅವರ ಬ್ಯಾಗು, ನೀರು, ಬದಲಿ ಚಕ್ರ ಎಲ್ಲ ಹೊತ್ತು ವ್ಯಾನು ಹಿಂದೆ ಬರುತ್ತದೆ. ದಣಿದವರನ್ನು ಎತ್ತಿ ಕೂರಿಸಿಕೊಳ್ಳುತ್ತದೆ. ಇವತ್ತೇ ಕೊನೆಯ ದಿನ; ಗುಡ್ಡದ ತುದಿಯ ದೀಪಸ್ತಂಭ ಮುಟ್ಟಿದರೆ ಪ್ರವಾಸ ಮುಗಿಯಿತು. ರಾತ್ರಿ ಹೋಟೆಲಿನ ಅಂಗಳದಲ್ಲಿದ್ದ ವ್ಯಾನು ಬೆಳಿಗ್ಗೆ ಇರಲಿಲ್ಲ. ಕೌಂಟರಿನ ಹಿಂದಿನ ಮೊಳೆಗೆ ತೂಗುಹಾಕಿದ್ದ ಕೀಲಿಗೊಂಚಲೂ ಇರಲಿಲ್ಲ.

ವಾಹನ ಕಳವೆಂದು ಎಫ್‌ಐಆರ್ ಆಯಿತು. ಇನ್ಸ್‌ಪೆಕ್ಟರು ಟೋಪಿ ಎತ್ತಿಕೊಂಡರು. ದುಡ್ಡು ಕೊಟ್ಟು ಬೆವರು ಸುರಿಸುವ ಈ ಜನ ಅವರಿಗೆ ಎಂದೂ ಅರ್ಥವಾಗಿರಲಿಲ್ಲ.

ಹೋಟೆಲಿನ ಬಾಗಿಲಲ್ಲೇ ಮೊದಲ ಸುಳಿವು ಸಿಕ್ಕಿತು. ಮೆಟ್ಟಿಲ ಮೇಲೆ ಪುಟ್ಟ ಐಸ್ ಪೆಟ್ಟಿಗೆ.

"ಇದು ವ್ಯಾನಿನಲ್ಲಿದ್ದದ್ದು," ಎಂದರು ಅತಿಥಿಗಳ ಪೈಕಿ ದಢೂತಿ ಆಳಾದ ಹಲ್ಲಿನ ಡಾಕ್ಟರು. "ಒಳಗಿರೋದು ನನ್ನ ಇನ್ಸುಲಿನ್. ಬೆಳಿಗ್ಗೆ ನೋಡಿದ್ರೆ ಇಲ್ಲಿತ್ತು. ಹೊಸ ಐಸು ಬೇರೆ ಹಾಕಿದ್ದಾರೆ."

"ನಿಮ್ಮ ಔಷಧಿ ಅದರಲ್ಲಿರೋದು ಯಾರ್ಯಾರಿಗೆ ಗೊತ್ತು?"

"ನಮ್ಮ ಗುಂಪಿನವರಿಗೆ ಮಾತ್ರ."

ಕದಿಯುವ ಮುಂಚೆ ರೋಗಿಯ ಮದ್ದು ಇಳಿಸಿಟ್ಟುಹೋದ ಕಳ್ಳನನ್ನು ಇನ್ಸ್‌ಪೆಕ್ಟರು ತಮ್ಮ ಸರ್ವಿಸಿನಲ್ಲಿ ಕಂಡಿರಲಿಲ್ಲ. ಹೊರಗಿನವರ ಕೆಲಸವಲ್ಲ ಎಂಬುದಂತೂ ಖಾತ್ರಿಯಾಯಿತು. "ಎಲ್ಲರನ್ನೂ ಕರೀರಿ," ಎಂದರು.

ಹದಿಮೂರು ಜನ ಬಂದು ನಿಂತರು.

"ಇನ್ನೊಬ್ಬರು ಅಜ್ಜಿ ಇದ್ದಾರೆ ಸರ್, ಮಲಗಿರಬೇಕು," ಎಂದ ಮ್ಯಾನೇಜರು. "ಅವರು ಇವತ್ತು ವ್ಯಾನಿನಲ್ಲಿ ಕೂತರೆ ಸಾಕು."

ಅಜ್ಜಿಯ ಕೋಣೆ ಖಾಲಿಯಿತ್ತು. ಹಾಸಿಗೆಯ ಚಾದರವನ್ನು ಆಸ್ಪತ್ರೆಯ ಮಂಚದಂತೆ ನಾಲ್ಕು ಮೂಲೆಗೂ ಬಿಗಿಯಾಗಿ ಮಡಚಿ ಸಿಕ್ಕಿಸಲಾಗಿತ್ತು. ಅಷ್ಟರಲ್ಲಿ ವೈರ್‌ಲೆಸ್ ಗೊರಗುಟ್ಟಿತು. ವ್ಯಾನು ಸಿಕ್ಕಿದೆ, ಮೀನು ಬಂದರಿನ ಪಕ್ಕದ ಐಸ್ ಕಾರ್ಖಾನೆಯ ಹಿತ್ತಿಲಲ್ಲಿ.

ಎಂಟು ಗಂಟೆಗೆ ಕಾರ್ಖಾನೆಯ ಕಾವಲುಗಾರನನ್ನೂ ತೂಕದವನನ್ನೂ ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಶುರುವಾಯಿತು. ಎರಡು ಗೋಡೆಗಳ ನಡುವೆ ಬಾಗಿಲು ತೆರೆದು ಒಬ್ಬರು ಇಳಿಯುವಷ್ಟೇ ಜಾಗ ಬಿಟ್ಟು ವ್ಯಾನನ್ನು ಹಿಮ್ಮುಖವಾಗಿ ನುಗ್ಗಿಸಿ, ಮೂತಿ ರಸ್ತೆಯ ಕಡೆಗೆ ಮಾಡಿ ನಿಲ್ಲಿಸಿದ್ದರು. ಒಂದು ಗೀರೂ ಇಲ್ಲ.

"ಮರ್ಯಾದಸ್ಥ ಕಳ್ಳ ಸರ್," ಎಂದ ದಫೇದಾರ. "ನಮ್ಮ ಜೀಪಿನ ಡ್ರೈವರಿಗೆ ಎರಡು ದಿನ ಪಾಠ ಹೇಳಿಸಬಹುದು."

ವ್ಯಾನಿನ ಡ್ರೈವರಿಗೆ ಎಲ್ಲರೂ ಏಣಿ ಎನ್ನುತ್ತಿದ್ದರು. ಏಣಿ ತನ್ನ ಸೀಟಿನಲ್ಲಿ ಕೂರಲು ಹೋಗಿ ಮಂಡಿ ಸಿಕ್ಕಿಸಿಕೊಂಡ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದಿದ್ದರು.

"ಏನೇನು ಹೋಗಿದೆ ನೋಡಪ್ಪ."

ಏಣಿ ಸುತ್ತು ಬಂದ. "ಎಲ್ಲಾ ಇದೆ ಸರ್. ಹಿಂದುಗಡೆ ಬೀಗ ಹಾಕಿ ಕಟ್ಟಿದ್ದ ಸೈಕಲ್ ಒಂದು ಇಲ್ಲ. ಅಜ್ಜೀದು. ಇನ್ನು ಅದನ್ನ ಇಳಿಸೋದೇ ಬೇಡ ಅಂತ ನಿನ್ನೆ ಮ್ಯಾನೇಜರು ಹೇಳಿದ್ರು."

ಇನ್ಸ್‌ಪೆಕ್ಟರು ಹೋಟೆಲಿಗೆ ವಾಪಸ್ಸಾಗಿ ಮ್ಯಾನೇಜರನ್ನು ಎದುರಿಗೆ ಕೂರಿಸಿಕೊಂಡರು.

"ಅವರ ಸೈಕಲ್ ಯಾಕೆ ಕಟ್ಟಿಹಾಕಿದ್ರಿ?"

"ಆಗಲ್ಲ ಸರ್ ಅವರ ಕೈಲಿ. ದಿನಾ ಏರು ಬರೋ ಮುಂಚೆ ಟೈಮ್ ಆಯ್ತು ಅಂತ ಎತ್ಕೊಳ್ತಿದ್ವಿ."

"ಎಲ್ಲರಿಗಿಂತ ಹಿಂದೆ ಬೀಳ್ತಿದ್ರಾ?"

ಉತ್ತರ ಹಲ್ಲಿನ ಡಾಕ್ಟರಿಂದ ಬಂತು.

"ಹಿಂದೆ ಇದ್ದೋನು ನಾನು ಸರ್. ನಾನು ಏರಲ್ಲಿ ಸೈಕಲ್ ತುಳಿಯಲ್ಲ, ತಳ್ತೀನಿ. ನನ್ನನ್ನ ಒಂದಿನಾನೂ ಎತ್ತಲಿಲ್ಲ. ರಾತ್ರಿ ಊಟ ಮಾಡ್ತಾ ಅದನ್ನೇ ಅವರಿಗೆ ಹೇಳಿ ನಕ್ಕೆ."

"ಅವರು?"

"ನಗಲಿಲ್ಲ."

ಇನ್ಸ್‌ಪೆಕ್ಟರು ಮ್ಯಾನೇಜರ ಕಡೆ ತಿರುಗಿದರು. "ಬೇರೆಯವರಿಗೆ ಎಷ್ಟು ಟೈಮು?"

"ಬೇರೆಯವರಿಗೆ ಟೈಮು ಅಂತ ಇಲ್ಲ ಸರ್." ಅವನ ದನಿ ಇಳಿಯಿತು. "ಅವರ ಮಗಳು ಫೋನ್ ಮಾಡಿದ್ರು. ಅಮ್ಮನಿಗೆ ಅರವತ್ತೊಂಬತ್ತು, ಏರು ಹತ್ತಿಸಬೇಡಿ, ಅವರಿಗೆ ಗೊತ್ತಾಗದ ಹಾಗೆ ನೋಡ್ಕೊಳ್ಳಿ ಅಂತ. ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರಲ್ವಾ?"

ಅವನ ಮಾತಿನಲ್ಲೂ ನ್ಯಾಯವಿಲ್ಲದೆ ಇರಲಿಲ್ಲ. ಆರೋಪಿ ಎಲ್ಲಿರಬಹುದೆಂದು ಮಾತ್ರ ಇನ್ಸ್‌ಪೆಕ್ಟರು ಯಾರನ್ನೂ ಕೇಳಲಿಲ್ಲ. ಜೀಪು ದೀಪಸ್ತಂಭದ ರಸ್ತೆ ಹಿಡಿಯಿತು; ಮುಂದೆ ಅವರು, ಹಿಂದೆ ದಫೇದಾರ ಮತ್ತು ಮ್ಯಾನೇಜರು.

ಎಡಕ್ಕೆ ಬಂಡೆ, ಬಲಕ್ಕೆ ನೆಟ್ಟಗೆ ಕೆಳಗೆ ಸಮುದ್ರ. ನಾಲ್ಕನೇ ತಿರುವಿನಲ್ಲಿ ಕೆಂಪು ಹೆಲ್ಮೆಟ್ ಕಂಡಿತು. ನಡೆದುಹೋಗುವವನೂ ಹಿಂದೆ ಹಾಕಬಹುದಾದ ವೇಗ. ಆದರೂ ಚಕ್ರ ತಿರುಗುತ್ತಲೇ ಇತ್ತು.

"ಅಮ್ಮಾ, ಸ್ವಲ್ಪ ನಿಲ್ಲಿ."

"ನಿಂತ್ರೆ ಮತ್ತೆ ಹೊರಡೋದು ಕಷ್ಟ. ನೀವೇ ಪಕ್ಕದಲ್ಲಿ ಬನ್ನಿ."

"ವ್ಯಾನು ತಗೊಂಡು ಹೋದವರು ನೀವೇನಾ?"

"ನಾನೇ. ಕೀಲಿ ಬೆನ್ನಿನ ಜೇಬಲ್ಲಿದೆ. ಬರ್ಕೊಳ್ಳಿ."

ಮ್ಯಾನೇಜರು ಕಿಟಕಿಯಿಂದ ಕತ್ತು ಹೊರಹಾಕಿದ. "ಅಜ್ಜೀ, ಒಂದು ಕ್ಷಮೆ ಕೇಳಿ ಜೀಪು ಹತ್ತಿಬಿಡಿ. ಕಂಪ್ಲೇಂಟ್ ವಾಪಸ್ ತಗೋತೀನಿ. ಕೇಸೂ ಬೇಡ, ಏನೂ ಬೇಡ."

"ಅಜ್ಜಿ ನಿನ್ನ ಮನೇಲಿರ್ತಾಳೆ, ಹೋಗಿ ಅವಳನ್ನ ಹತ್ತಿಸು. ಕ್ಷಮೆ ನೀನು ಕೇಳು, ಸುಳ್ಳು ಗಡಿಯಾರ ತೋರಿಸಿದ್ದಕ್ಕೆ."

"ಹಾಗಾದ್ರೆ ಅರೆಸ್ಟ್ ಮಾಡಿ ಸರ್!"

"ಮಾಡ್ಲಿ," ಎಂದಳು ಮುದುಕಿ ಏದುಸಿರಿನ ನಡುವೆ. "ಜೈಲಿಗೆ ಬೇಕಾದ್ರೂ ಹೋಗ್ತೀನಿ. ವ್ಯಾನಿಗೆ ಹೋಗಲ್ಲ."

ಇನ್ಸ್‌ಪೆಕ್ಟರು ವೈರ್‌ಲೆಸ್ ಎತ್ತಿದರು. ಹೆಂಗಸನ್ನು ಬಂಧಿಸಲು ಹೆಣ್ಣು ಪೊಲೀಸೇ ಬೇಕು. ಕಾನೂನು ಕಾನೂನೇ.

"ಎಲ್ಲಿದ್ದೀಯಮ್ಮಾ?"

"ಠಾಣೇಲಿ ಸರ್," ಎಂದಳು ಮಹಿಳಾ ಪೇದೆ. "ಬೈಕಲ್ಲಿ ಹತ್ತೇ ನಿಮಿಷ."

"ಅವಸರ ಬೇಡ, ತಿರುವುಗಳಿವೆ. ದೀಪಸ್ತಂಭದ ಹತ್ತಿರ ಬಂದು ನಿಲ್ಲು."

"ಆರೋಪಿ ಇಲ್ಲೇ ಇದ್ದಾರಲ್ಲ ಸರ್!" ಮ್ಯಾನೇಜರು ಕೂಗಿದ.

"ದಫೇದಾರ್ರೇ, ತಪ್ಪಿಸ್ಕೊಂಡು ಓಡಿಹೋಗೋ ಸಂಭವ ಇದೆಯಾ?"

ದಫೇದಾರ ಸೈಕಲ್ಲಿನ ಚಕ್ರವನ್ನೇ ಗಂಭೀರವಾಗಿ ನೋಡಿದ. "ಈ ಓಟಕ್ಕೆ ನಾವು ನಾಡಿದ್ದು ಹೊರಟ್ರೂ ಹಿಡೀಬಹುದು ಸರ್."

ಜೀಪು ಮೊದಲ ಗೇರಿನಲ್ಲಿ ಹಿಂದೆ ತೆವಳಿತು. ಕೊನೆಯ ತಿರುವಿನಲ್ಲಿ ಸೈಕಲ್ಲಿನ ಮುಂದಿನ ಚಕ್ರ ತಡವರಿಸಿ ಅಡ್ಡಾಯಿತು. ಮುದುಕಿ ಕಾಲು ಊರಿ, ಹ್ಯಾಂಡಲಿನ ಮೇಲೆ ಬಗ್ಗಿ, ಬರಿ ನೀರು ಕಕ್ಕಿದಳು. ದಫೇದಾರ ಬಾಗಿಲು ತೆಗೆದ.

"ಇನ್ನೊಬ್ಬ ಬಾಗಿಲು ತೆಗೆದ್ರೆ ಕಚ್ತೀನಿ!"

"ನೋಡಿದ್ರಾ ಸರ್? ಸತ್ತರೆ ಯಾರು ಹೊಣೆ?" ಎಂದ ಮ್ಯಾನೇಜರು.

ಆ ಪ್ರಶ್ನೆ ಇನ್ಸ್‌ಪೆಕ್ಟರಿಗೂ ಇತ್ತು. ಹೊಣೆ ತಮ್ಮದೇ. ಇಳಿದು ಹೋಗಿ ಎರಡು ರಟ್ಟೆ ಹಿಡಿದು ಎತ್ತಿದರೆ ಅರೆ ನಿಮಿಷದ ಕೆಲಸ. ಅವರ ಕೈ ಬಾಗಿಲ ಹಿಡಿಯ ಮೇಲಿತ್ತು.

"ಅಮ್ಮಾ," ಎಂದರು ಕೂತಲ್ಲಿಂದಲೇ, "ಸಹಾಯ ಬೇಕಾ?"

ಮುದುಕಿ ಮೊದಲ ಬಾರಿ ತಿರುಗಿ ಅವರ ಮುಖ ನೋಡಿದಳು.

"ಬೇಡ."

ಇನ್ಸ್‌ಪೆಕ್ಟರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವಳು ಬಾಯಿ ಒರೆಸಿಕೊಂಡು, ಸೈಕಲ್ಲನ್ನು ಓರೆಯಾಗಿ ತಿರುಗಿಸಿ ಪೆಡಲಿನ ಮೇಲೆ ಕಾಲಿಟ್ಟಳು. ಎರಡು ಸಲ ಜಾರಿತು. ಮೂರನೇ ಸಲ ಹಿಡಿಯಿತು.

ದೀಪಸ್ತಂಭದ ಕಟ್ಟೆಯ ಬಳಿ ಮಹಿಳಾ ಪೇದೆ ಅದಾಗಲೇ ಬಂದಿದ್ದಳು. ಸಮುದ್ರದ ಕಡೆ ಮುಖ ಮಾಡಿ, ಏನೂ ಕಾಣದವಳಂತೆ ನಿಂತಿದ್ದಳು. ಮುದುಕಿ ಚಕ್ರವನ್ನು ಕಟ್ಟೆಗೆ ತಾಗಿಸಿ, ಇಳಿದು, ಸುಣ್ಣದ ಗೋಡೆಗೆ ಅಂಗೈ ಒತ್ತಿದಳು. ಆಮೇಲೆ ಆ ಬಿಳಿ ಕೈಯನ್ನೇ ಮುಂದೆ ಚಾಚಿದಳು. "ತಗೋ ಮಗಳೇ, ಈಗ ಹಿಡಿ."

ಹನ್ನೊಂದೂ ಇಪ್ಪತ್ತೈದಕ್ಕೆ ಬಂಧನವಾಯಿತು. ಕೀಲಿಗೊಂಚಲು ವಶಕ್ಕೆ ಬಂತು. ದಫೇದಾರ ಸೈಕಲ್ಲನ್ನು ಜೀಪಿಗೆ ಕಟ್ಟಲು ಹೋದಾಗ ಇನ್ಸ್‌ಪೆಕ್ಟರು ತಲೆಯಾಡಿಸಿ ಬೇಡವೆಂದರು. ಇಳಿಜಾರಿನಲ್ಲಿ ಪೇದೆಯ ಬೈಕು ಮುಂದೆ, ಆರೋಪಿ ನಡುವೆ, ಜೀಪು ಹಿಂದೆ. ಆರೋಪಿಯನ್ನು ಠಾಣೆಗೆ ತಂದ ವಾಹನ ಎಂಬಲ್ಲಿ ದಫೇದಾರ ಸೈಕಲ್ ಎಂದು ಬರೆದು, ಸರಿಯೇ ಎಂದು ಎರಡು ಸಲ ಕೇಳಿದ.

ಠಾಣೆಯಲ್ಲಿ ಅವಳು ಒಂದು ಚೊಂಬು ನೀರು ಕುಡಿದು ಹೇಳಿಕೆ ಕೊಟ್ಟಳು.

"ವ್ಯಾನಿನ ಮೂತಿ ಯಾಕೆ ರಸ್ತೆ ಕಡೆಗೆ ಮಾಡಿದ್ರಿ?"

"ಆಂಬುಲೆನ್ಸ್ ಹಾಗೇ ನಿಲ್ಲಿಸೋದು. ಇಪ್ಪತ್ತಾರು ವರ್ಷ ಓಡಿಸಿದೀನಿ. ಅಭ್ಯಾಸ."

"ಸೈಕಲ್ ಮಾತ್ರ ಬಿಚ್ಕೊಂಡು ಹೋಗಬಹುದಿತ್ತಲ್ಲ. ವ್ಯಾನು ಯಾಕೆ?"

"ವ್ಯಾನು ಇದ್ರೆ ಹಿಂದೆ ಬರುತ್ತೆ."

"ಮಗಳು ಜಾಮೀನಿಗೆ ಹೊರಟಿದ್ದಾರೆ. ಅಳ್ತಿದ್ರು. ನಿಮ್ಮ ಒಳ್ಳೇದಕ್ಕೇ ಮಾಡಿದ್ದಂತೆ."

"ಗೊತ್ತು. ಅದಕ್ಕೇ ಅವಳ ಮೇಲೆ ಕೇಸು ಹಾಕ್ತಿಲ್ಲ." ಅವಳು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟಳು. "ನಮ್ಮ ಕೆಲಸದಲ್ಲಿ ಮೊದಲನೇ ದಿನ ಒಂದು ಮಾತು ಹೇಳಿಕೊಡ್ತಿದ್ರು ಸಾಹೇಬ್ರೇ. ಪ್ರಜ್ಞೆ ತಪ್ಪಿದೋರನ್ನ ಎತ್ಕೊಂಡು ಬಾ. ಪ್ರಜ್ಞೆ ಇದ್ರೆ ಮೊದಲು ಕೇಳು, ಆಮೇಲೆ ಕೈ ಹಾಕು. ಎಷ್ಟು ಜನರನ್ನ ಎತ್ತಿದೀನೋ ಲೆಕ್ಕ ಇಲ್ಲ. ಕೇಳದೆ ಒಬ್ಬರನ್ನೂ ಎತ್ತಲಿಲ್ಲ."

ಇನ್ಸ್‌ಪೆಕ್ಟರು ಅದನ್ನು ಹೇಳಿದಂತೆಯೇ ಬರೆದುಕೊಂಡರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಪೆನ್ನು ನಿಂತಿತು. "ಇಲ್ಲಿ ಏನು ಬರೀಲಿ ಅಮ್ಮಾ?"

ಮುದುಕಿ ಹೆಲ್ಮೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ನನಗೆ ಪ್ರಜ್ಞೆ ಇತ್ತು ಅಂತ ಬರೀರಿ."