ರೈಫಲಿನ ತೂಕ

ನನ್ನನ್ನು ನಂಬಬೇಕಿಲ್ಲ, ತಕ್ಕಡಿಯನ್ನು ನಂಬಿ. ಚಾಟ್ಸ್‌ವರ್ತ್‌ನ ಬಾಲಕೃಷ್ಣ ಅಂಕಲ್ ಒಂದೊಂದೇ ಗ್ರಾಂ ಇಳಿಸಿ, ಕೈಯಾರೆ ಮಾಡಿಕೊಟ್ಟ ಬೋಲ್ಟ್ ಆ್ಯಕ್ಷನ್ ರೈಫಲ್ ನನ್ನದು. ತೂಕ ಸರಿಯಾಗಿ ಎರಡು ಕೆಜಿ ಇನ್ನೂರು ಗ್ರಾಂ.

2024ರ ಆಯುಧಪೂಜೆಯಲ್ಲಿ ನನ್ನ ಹೆಂಡತಿ ಅರುಂಧತಿ ಅದಕ್ಕೂ ಕುಂಕುಮ ಇಟ್ಟಳು. “ನಾಳೆ ಪೂಜೆ ಮಾಡಿ ತೆಗೆಯೋವರೆಗೂ ಮುಟ್ಟಬೇಡಿ ಕಣ್ರೀ,” ಅಂದಳು. ಆದರೆ ಮರುದಿನವೇ ಇಲ್ಲಿ ಪರ್ಮಿಟ್ ಇದ್ದವರಿಗೆ ಜಿಂಕೆ ಬೇಟೆಯ ಸೀಸನ್ ಶುರು. ಅವಳು ಏಳುವ ಮೊದಲೇ ಎತ್ತಿಕೊಂಡು ಹೊರಟೆ.

ಸ್ಯಾನ್ ಗೇಬ್ರಿಯಲ್ ಬೆಟ್ಟದಲ್ಲಿ ಬಿಸಿಲೇರಿದ ಮೇಲೆ ಒಂದು ಗಂಡು ಜಿಂಕೆ ಕಂಡಿತು. ಗುಂಡು ಹಾರಿಸಿದೆ. ಅದು ಬಿದ್ದದ್ದನ್ನು ಕಣ್ಣಾರೆ ಕಂಡೆ. ಹೋಗಿ ನೋಡಿದರೆ ರಕ್ತವಿಲ್ಲ, ಗೊರಸಿನ ಗುರುತಿಲ್ಲ. ನೆಲದಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ಇಳಿದು ಬರುವಾಗ ರೈಫಲಿನ ಪಟ್ಟಿ ಹೆಗಲನ್ನು ಕೊಯ್ಯತೊಡಗಿತು.

ಮನೆಯಲ್ಲಿ ತೂಗಿದರೆ ಮೂರು ಕೆಜಿ.

ಅಂಕಲ್ ಹತ್ತಿರ ಒಯ್ದು, ಬೆಟ್ಟದಲ್ಲಿ ಗುಂಡು ಹಾರಿಸಿದ್ದನ್ನು ಹೇಳಿದೆ. ಅವರು ಅದನ್ನು ಪೂರ್ತಿ ಬಿಚ್ಚಿ, ಒಂದೊಂದೇ ಭಾಗವನ್ನು ತೂಗಿದರು. ಎಲ್ಲ ಕೂಡಿದರೆ ಎರಡು ಕೆಜಿ ಇನ್ನೂರೇ ಗ್ರಾಂ. ಮತ್ತೆ ಜೋಡಿಸಿ ತಕ್ಕಡಿಗಿಟ್ಟರು. ಮೂರು ಕೆಜಿ.

“ತಕ್ಕಡಿ ಕೆಟ್ಟಿರಬೇಕು ಅಂಕಲ್,” ಅಂದೆ.

ಅವರು ಇನ್ನೊಂದು ತಕ್ಕಡಿ ತಂದರು. ಅದರಲ್ಲೂ ಮೂರೇ. ಕೈ ಒರೆಸಿಕೊಂಡು ಮೆಲ್ಲಗೆ ಕೇಳಿದರು: “ಬೆಟ್ಟದಲ್ಲಿ ನೀನು ಹೊಡೆದಿದ್ದು ಏನಪ್ಪಾ?”

ನಾನು ಬಗ್ಗಿ ರೈಫಲಿನ ನಳಿಗೆಯನ್ನು ಮೂಸಿ ನೋಡಿದೆ: ಊದುಬತ್ತಿಯ ವಾಸನೆ.