ರಾಗಿ ಚೀಲದಲ್ಲಿ ಬೇವಿನೆಲೆ

"ಏನ್ರೀ ನಿಂಗಯ್ಯ, ರಾಗಿ ತಂದಿದ್ದೀರೋ, ಬೇವಿನ ಮರಾನೇ ತಂದಿದ್ದೀರೋ?"

ಕಾಳಿನ ಗುಣಮಟ್ಟ ನೋಡುವ ಗ್ರೇಡರ್, ಚೀಲಕ್ಕೆ ಚುಚ್ಚಿದ್ದ ಕಬ್ಬಿಣದ ಕೊಳವೆಯನ್ನು ಅಂಗೈ ಮೇಲೆ ಬಗ್ಗಿಸಿದರು. ಕೆಂಪು ರಾಗಿಯ ಜೊತೆಗೆ ಒಣಗಿದ ಬೇವಿನೆಲೆಯ ಚೂರುಗಳು ಉದುರಿದವು. ಪಕ್ಕದ ಸಾಲಿನಲ್ಲಿದ್ದ ಪುಟ್ಟಸಿದ್ದಮ್ಮ ಕಿಸಕ್ಕನೆ ನಕ್ಕಳು.

ನಿಂಗಯ್ಯ ತಾತನ ಮುಖ ಸಣ್ಣದಾಯಿತು. "ಇಲ್ಲ ಸ್ವಾಮಿ, ನಾನೇ ಕೇರಿ, ಜರಡಿ ಆಡಿ ತುಂಬಿದ್ದು. ಒಂದು ಕಡ್ಡಿ ಸೈತ ಇರ್ನಿಲ್ಲ."

"ಕಣ್ಣಿಗೆ ಕಾಣ್ತಿದೆಯಲ್ರೀ! ಕ್ಲೀನ್ ಮಾಡ್ಕೊಂಡು ಬನ್ನಿ. ಐದು ಗಂಟೆಗೆ ಕ್ಲೋಸ್. ಇವತ್ತೇ ಲಾಸ್ಟ್ ಡೇಟ್."

ತಾತನ ಪಕ್ಕದಲ್ಲಿದ್ದ ಮೊಮ್ಮಗಳು ಬೃಂದಾ ಉದುರಿದ ಎಲೆಚೂರುಗಳನ್ನೇ ನೋಡಿದಳು.

ಗುಂಡ್ಲುಪೇಟೆಯ ಈ ಖರೀದಿ ಕೇಂದ್ರದಲ್ಲಿ ರಾಗಿಗೆ ಸರ್ಕಾರದ ಬೆಂಬಲ ಬೆಲೆ ಸಿಗುತ್ತದೆ. ಇಲ್ಲಿ ಬೇಡವೆಂದರೆ ವ್ಯಾಪಾರಿ ಹೇಳಿದ್ದೇ ರೇಟು. ಅವನೋ, ಬಾಯಲ್ಲಿ ಬೆಲ್ಲ, ಬೆಲೆಯಲ್ಲಿ ಬೇವು. ಬೆಂಬಲ ಬೆಲೆ ಬಂದರೆ ಸೋರುವ ಅಡುಗೆಮನೆಗೆ ಹೊಸ ಶೀಟು ಹಾಕಿಸುತ್ತೇನೆಂದು ತಾತ ಅಜ್ಜಿಗೆ ಮಾತು ಕೊಟ್ಟಿದ್ದರು.

"ತಾತ..." ಬೃಂದಾ ತಾತನ ಟವೆಲ್ಲಿನ ಅಂಚು ಹಿಡಿದಳು. "ಎಲೆ ಹಾಕಿದ್ದು ನಾನು. ನೀನು ಚೀಲ ಹೊಲಿಯಕ್ ಮುಂಚೆ. ಎಲ್ಲಾ ಚೀಲಕ್ಕೂ."

"ಅಯ್ಯೋ, ಯಾಕಮ್ಮಿ?"

"ಹುಳ ಬೀಳ್ದಂಗಿರ್ಲಿ ಅಂತ ಅಜ್ಜಿ ಅವರೆಕಾಳ್ಗೆ ಹಾಕ್ತದಲ್ಲ." ಅವಳು ಕಣ್ಣೊರೆಸಿಕೊಂಡಳು. "ಈ ರಾಗಿ ರೇಷನ್ ಅಂಗ್ಡಿಗೆ ಓಯ್ತದೆ ಅಂತ ನೀನೇ ಹೇಳ್ದೆ. ಆಯಿಷಾ ಮನೇಲೂ ರೇಷನ್ ರಾಗಿನೇ. ಮಿಲ್ಲಿಗೆ ಹಾಕಿಸ್ಕೊಂಡು ಬಂದಿದ್ದ ಹಿಟ್ಟಲ್ಲಿ ಹುಳ ಇತ್ತಂತೆ. ಅವತ್ತು ಅವಳು ಊಟನೇ ಮಾಡ್ನಿಲ್ವಂತೆ."

ಆಯಿಷಾ ಎಂದರೆ ಬೇಗೂರಿನ ಶಾಲೆಯಲ್ಲಿ ಅವಳ ಪಕ್ಕ ಕೂರುವ ಗೆಳತಿ.

ಬೈಗುಳ ಬಂತೆಂದೇ ಬೃಂದಾ ಕಣ್ಣು ಮುಚ್ಚಿದಳು. ಬರಲಿಲ್ಲ. ತಾತನ ಒರಟು ಕೈ ಅವಳ ತಲೆ ಸವರಿತು.

"ಹುಚ್ಚು ಮಗ! ರಾಗಿ ಕಾಳ್ಗೆ ಹುಳ ಮುಟ್ಟಲ್ಲ ಕಣಮ್ಮಿ. ನಮ್ಮಪ್ಪ ನೆಲದ ಗುಂಡೀಲಿ ವರ್ಷಗಟ್ಲೆ ಮಡಗ್ತಿದ್ದ. ಹಿಟ್ಟು ಮಾಡಿ ಇಟ್ರೇನೇ ಹುಳದ ಕಾಟ. ಅಳಬ್ಯಾಡ ಬುಡು. ಓಗು, ಯಾರ ತಾವಾದ್ರೂ ಜರಡಿ ಇಸ್ಕೊಂಡು ಬಾ."

ಆಗ ನಕ್ಕಿದ್ದ ಪುಟ್ಟಸಿದ್ದಮ್ಮನೇ ಜರಡಿ ಕೊಟ್ಟಳು. ಕೊಟ್ಟು ಸುಮ್ಮನಿರದೆ ಮೊರ ಹಿಡಿದು ತಾನೂ ಕೂತಳು. ಟಾರ್ಪಾಲಿನ ಮೇಲೆ ತಾತ ಜರಡಿಯ ಒಂದು ಕಡೆ ಹಿಡಿದರೆ ಬೃಂದಾ ಇನ್ನೊಂದು ಕಡೆ. ರಾಗಿ ಜರ್ರನೆ ಕೆಳಗಿಳಿಯಿತು, ಎಲೆ ಮೇಲುಳಿಯಿತು. ಬೃಂದಾಳ ಮೂಗಿನ ತುಂಬ ಧೂಳು. ತೋಳು ಸೋತು ಬಂದರೂ ಅವಳು ಕೈ ಬಿಡಲಿಲ್ಲ.

ಐದಕ್ಕೆ ಸ್ವಲ್ಪ ಮುಂಚೆ ಗ್ರೇಡರ್ ಬಂದು ಎಲ್ಲ ಚೀಲಗಳ ರಾಗಿಯನ್ನೂ ಅಂಗೈಯಲ್ಲಿ ಹರಡಿ ನೋಡಿದರು. "ಈಗ ಓಕೆ. ತೂಕಕ್ಕೆ ಹಾಕಿ."

"ಉಸ್ಸಪ್ಪಾ!" ಎಂದು ಬೃಂದಾ ಜರಡಿ ಕೆಳಗಿಟ್ಟಳು.

ಚೀಲಗಳು ಒಂದೊಂದಾಗಿ ತೂಕಕ್ಕೆ ಹೋದವು. ಕೊನೆಯದರ ಬಾಯಿ ಹೊಲಿಯಲು ದಬ್ಬಣ ಎತ್ತಿದ ತಾತ ಯಾಕೋ ಕೈ ತಡೆದರು. ಬಗ್ಗಿ, ರಾಗಿಯೊಳಗಿಂದ ಒಂದು ಸಣ್ಣ ಕಲ್ಲು ಹೆಕ್ಕಿ ಎಸೆದರು. ಕಣ್ಣು ಕಿರಿದು ಮಾಡಿ ಇನ್ನೊಂದನ್ನು ಹುಡುಕತೊಡಗಿದರು.

'ಓಕೆ ಅಂದ್ರಲ್ಲ ತಾತ, ಸಾಕು' ಎನ್ನಲು ಬೃಂದಾ ಬಾಯಿ ತೆರೆದಳು. ಅಷ್ಟರಲ್ಲಿ ನೆನಪಾಯಿತು: ಮನೆಯಲ್ಲಿ ಅವಳ ಮುದ್ದೆಗೆಂದು ತೆಗೆದಿಟ್ಟ ರಾಗಿಯಲ್ಲೂ ತಾತ ಹೀಗೆಯೇ ಬಗ್ಗಿ ಕಲ್ಲು ಹೆಕ್ಕುತ್ತಿದ್ದರು.

ಅವಳು ಚೀಲದ ಪಕ್ಕ ಮಂಡಿಯೂರಿ, ತಾನೂ ಹುಡುಕತೊಡಗಿದಳು.