ಲ್ಯಾಪ್‌ಟಾಪಿಗೆ ಓಗೊಟ್ಟ ಮಧ್ಯಾಹ್ನ

ಕಾಟ್ಟಿಕುಳಂನಲ್ಲಿ ನಮ್ಮ ಪಕ್ಕದ ಮನೆಯ ಗುರುಬಸಮ್ಮ ಒಂದು ಮಧ್ಯಾಹ್ನ ನನ್ನನ್ನು ಕರೆದರು. ತೀರಿಕೊಂಡ ಗಂಡ ಶಿವಮಲ್ಲಪ್ಪನವರು ಹಾಡಿದ ಒಂದೇ ಒಂದು ಹಾಡು ಅವರ ಫೋನಿನಲ್ಲಿತ್ತು. ಫೋನು ಕೆಡುತ್ತಾ ಬಂದಿತ್ತು. ಹಾಡನ್ನು ಅವರ ಮನೆಯ ಲ್ಯಾಪ್‌ಟಾಪಿಗೆ ಹಾಕೋಣವೆಂದರೆ ಅದರಲ್ಲಿ ಜಾಗವಿಲ್ಲ.

ಕೊಳ್ಳುವಾಗಲೇ ಅದರೊಳಗೆ ತುಂಬಿ ಕೊಟ್ಟಿದ್ದ, ಯಾರೂ ಮುಟ್ಟದ ಆಟಗಳನ್ನೂ ಪ್ರೋಗ್ರಾಮ್‌ಗಳನ್ನೂ ಒಂದೊಂದಾಗಿ ತೆಗೆಯತೊಡಗಿದೆ.

"ಬಾಡಿಗೆ ಕೊಡದೆ ಕೂತಿದ್ವಲ್ಲ, ಎಲ್ಲಾನೂ ಓಡ್ಸು ಮಗಾ," ಎಂದು ಅವರು ನಕ್ಕರು.

ಎಷ್ಟು ಹೊತ್ತಾದರೂ ಲ್ಯಾಪ್‌ಟಾಪು ಬಿಸಿಯಾಗಲಿಲ್ಲ. ಕೀಬೋರ್ಡು ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು. ಕೊನೆಗೆ ಉಳಿದದ್ದು ಪರದೆಯ ಮೇಲಿನ ಇಂಗ್ಲಿಷನ್ನು ಓದಿ ಹೇಳುವ ಪ್ರೋಗ್ರಾಮ್. ಅದನ್ನೂ ತೆಗೆಯಲು ಒತ್ತಿದೆ.

"ತೆಗೀಲಾ?" ಎಂದು ಲ್ಯಾಪ್‌ಟಾಪಿನೊಳಗಿಂದ ಕನ್ನಡದಲ್ಲಿ ಯಾರೋ ಮೆಲ್ಲಗೆ ಕೇಳಿದರು.

"ಹೂಂ," ಎಂದುಬಿಟ್ಟೆ.

ಗುರುಬಸಮ್ಮನ ನಗು ನಿಂತಿತು. "ಯಾರು ಅಂತ ಕಾಣದೆ ಒಂದೇ ಕೂಗಿಗೆ ಓಗೊಡ್ತಾರೇನೋ? ಮೂರು ಸಲ ಕರೆಯೋತನಕ ಸುಮ್ನಿರ್ಬೇಕು ಅಂತ ನಿಮ್ಮವ್ವ ಹೇಳ್ಕೊಟ್ಟಿಲ್ವಾ?"

ಜಾಗವಾಯಿತು. ಹಾಡು ಪೂರ್ತಿ ಬಂದ ಮೇಲೆ ಫೋನು ಕತ್ತಲಾಯಿತು, ಮತ್ತೆ ಹತ್ತಲಿಲ್ಲ. ಲ್ಯಾಪ್‌ಟಾಪಿನಲ್ಲಿ ಶಿವಮಲ್ಲಪ್ಪನವರು ಎರಡು ಸಾಲು ಹಾಡಿ ನಿಂತರು. ಯಾರದೋ ಮಾತಿಗೆ ಕಿವಿಗೊಟ್ಟವರಂತೆ ಸುಮ್ಮನಿದ್ದು, ಆಮೇಲೆ ಮುಂದುವರಿಸಿದರು.

"ಇವ್ರು ಇಲ್ಲಿ ನಿಲ್ಲಿಸ್ತಿರ್ಲಿಲ್ಲ," ಎಂದರು ಗುರುಬಸಮ್ಮ.

ಅವರು ದಿನಾ ಆ ಹಾಡನ್ನು ಹಾಕುತ್ತಾರೆ. ಗೋಡೆಯಾಚೆಯಿಂದ ಕೇಳಿಸಿದಾಗೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕೇಳಿದಷ್ಟೂ ನಡುವಿನ ಆ ಮೌನ ಉದ್ದವಾಗುತ್ತಿದೆ. ಹಾಡಿನ ಒಟ್ಟು ಉದ್ದ ಮಾತ್ರ ಮೊದಲಿದ್ದಷ್ಟೇ ಇದೆ; ಕಡಿಮೆಯಾಗುತ್ತಿರುವುದು ಅವರ ದನಿ.